ಬಾದಾಮಿಯ ಗುಡ್ಡದ ಮೇಲೊಂದು ಹಗಲು

ಹೊರ್ತಿ, ಇಂಡಿಗಳ ಕಡೆಯವರಿಗೆ ಬೆಟ್ಟವೆಂಬುದು ಕಥೆಯಲ್ಲಿ ಕೇಳಿದ ವಸ್ತು. ಹಾಗೆಂದು ನಮ್ಮ ನೆಲ ತಗ್ಗಿನದಲ್ಲ. ಭೀಮೆ ಕೃಷ್ಣೆಯರ ನಡುವಣ ಈ ಸೀಮೆ ಎತ್ತರದ್ದೇ. ಆ ಎತ್ತರ ಕಣ್ಣಿಗೆ ಕಾಣಿಸುವುದಿಲ್ಲ, ನೀರಿಗೆ ಮಾತ್ರ ಚೆನ್ನಾಗಿ ಗೊತ್ತು. ಮಡ್ಡಿಯ ಮೇಲೆ ಬಿದ್ದ ಮಳೆ ನಿಲ್ಲದೆ ಓಡುತ್ತದೆ. ಕಾಲುವೆಯ ನೀರು ತಾನಾಗಿ ಮೇಲೇರಿ ಬರಲಾರದು. ಹೊರ್ತಿಯ ರೇವಣಸಿದ್ಧೇಶ್ವರನ ಹೆಸರಿನಲ್ಲಿ ಏತ ನೀರಾವರಿ ಯೋಜನೆಯೊಂದು ರೂಪುಗೊಂಡದ್ದು ಈ ಕಾರಣದಿಂದಲೇ. ಬರದ ವರ್ಷದಲ್ಲಿ ಟ್ಯಾಂಕರಿನ ನೀರು ಕೊಂಡು ಲಿಂಬೆಯ ಗಿಡ ಉಳಿಸಿಕೊಂಡವನು ಎಲ್ಲಿಯೇ ಗುಡ್ಡ ಕಂಡರೂ ಮೊದಲು ಕೇಳುವುದು, ಇದರ ನೀರು ಎಲ್ಲಿಗೆ ಹೋಗುತ್ತದೆ ಎಂದು. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವ ಗುಡ್ಡವೊಂದು ನಮಗೆ ಒಂದು ದಿನದ ಪ್ರಯಾಣದಷ್ಟು ಹತ್ತಿರದಲ್ಲಿದೆ.

ಬಾದಾಮಿಯ ಹೆಸರು ಕೇಳದವರಿಲ್ಲ. ಶಾಲೆಯ ಪ್ರವಾಸದಲ್ಲಿ ಹೋಗಿ, ನಾಲ್ಕು ಗುಹೆಗಳ ಮುಂದೆ ನಿಂತು, ಕೋತಿಗಳಿಗೆ ಬುತ್ತಿ ಒಪ್ಪಿಸಿ ಬಂದವರೇ ನಾವೆಲ್ಲ. ಆದರೆ ಗುಹೆಗಳು ಗುಡ್ಡದ ಮುಖ ಮಾತ್ರ. ಅದರ ಬೆನ್ನಿನ ಮೇಲೆ ನಡೆದು, ಬಡಗಣ ಕೋಟೆಯಿಂದ ಮಹಾಕೂಟದವರೆಗೆ ಹೋದವರು ವಿರಳ. ಈ ಗುಡ್ಡಸಾಲು ನನ್ನ ಲೆಕ್ಕದಲ್ಲಿ ಇಂದಿಗೂ ಅಪರಿಚಿತವೇ.

ವಿಜಯಪುರದಿಂದ ಬಾದಾಮಿಗೆ ರೈಲುಮಾರ್ಗವಿದೆ. 1884ರಲ್ಲಿ ತೆರೆದ ಹೊಟಗಿ–ಗದಗ ಮಾರ್ಗವದು. ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿ, ಬಾಗಲಕೋಟೆಯನ್ನು ಹಿಂದೆ ಹಾಕಿದ ಮೇಲೆ ನೆಲದ ಬಣ್ಣವನ್ನು ಗಮನಿಸಬೇಕು. ನಮ್ಮ ಕಡೆಯ ಎರೆಯ ಅಡಿಗಿರುವ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಶಿಲಾರಸ ಹೆಪ್ಪುಗಟ್ಟಿ ಆದದ್ದು. ಬಾದಾಮಿಯ ಕೆಂಗಲ್ಲು ಅದಕ್ಕಿಂತ ಎಷ್ಟೋ ಪಾಲು ಹಿರಿಯದು. ಐವತ್ತು ಕೋಟಿ ವರ್ಷಗಳಿಗೂ ಬಹಳ ಹಿಂದೆ ನೀರಿನಡಿಯಲ್ಲಿ ಪದರು ಪದರಾಗಿ ಕೂತ ಮರಳು ಗಟ್ಟಿಯಾಗಿ ಆದ ಕಲ್ಲು. ಬಂಡೆಯ ಮೈಮೇಲೆ ಓರೆಯಾಗಿ ಎಳೆದಂತಿರುವ ಗೆರೆಗಳನ್ನು ನೋಡಿದರೆ ಆ ಕಾಲದ ನೀರು ಮರಳನ್ನು ಯಾವ ಕಡೆಗೆ ತಳ್ಳುತ್ತಿತ್ತು ಎಂಬುದನ್ನೂ ಓದಬಹುದು. ಈ ಕಲ್ಲು ಉಳಿಗೆ ಒಲಿಯುತ್ತದೆ. ಆದುದರಿಂದಲೇ ಚಾಲುಕ್ಯರ ಶಿಲ್ಪಿಗಳಿಗೆ ಗುಹೆ ಕೊರೆಯಲು ಒದಗಿತು. ಇದರ ಸೀಳುಗಳು ನೆಟ್ಟಗೆ ಕೆಳಗಿಳಿಯುತ್ತವೆ. ಮೇಲೆ ಬಿದ್ದ ಮಳೆಯಲ್ಲಿ ಒಂದಿಷ್ಟು ಸೀಳಿನೊಳಗಿಳಿದು, ತಿಂಗಳುಗಟ್ಟಲೆ ಒಳಗೇ ಸುಳಿದು, ಬುಡದಲ್ಲೆಲ್ಲಿಯೋ ಒರತೆಯಾಗಿ ಹೊರಬರುತ್ತದೆ. ಈ ಸೀಮೆಯಲ್ಲಿ ಇಷ್ಟು ತೀರ್ಥಗಳಿರುವುದರ ಗುಟ್ಟು ಬಹುಮಟ್ಟಿಗೆ ಇದೇ.

ಬಡಗಣ ಕೋಟೆಗೆ ಏರುವ ದಾರಿ ಎರಡು ಬಂಡೆಗಳ ನಡುವಣ ಬಿರುಕಿನೊಳಗೆ ಸಾಗುತ್ತದೆ. ಅಲ್ಲಿ ಬಿಸಿಲು ಇಳಿಯುವುದೇ ಅಪರೂಪ. ಮೆಟ್ಟಿಲು ಮುಗಿದು ಮೇಲಣ ಶಿವಾಲಯದ ಬಳಿಗೆ ಬಂದರೆ ಕೆಳಗೆ ಅಗಸ್ತ್ಯತೀರ್ಥ ಇಡಿಯಾಗಿ ತೆರೆದುಕೊಳ್ಳುತ್ತದೆ. ತೆಂಕಣ ಗುಡ್ಡದಲ್ಲಿ ಗುಹೆಗಳು, ಮೂಡಲ ಕೊನೆಯಲ್ಲಿ ನೀರಿಗೆ ಕಾಲಿಳಿಬಿಟ್ಟಂತೆ ಭೂತನಾಥನ ಗುಡಿ, ಪಡುವಲಲ್ಲಿ ಏರಿ, ಏರಿಯ ಆಚೆಗೆ ಊರು. ಇಲ್ಲಿ ನಿಂತು ಕೆರೆಯ ರಚನೆಯನ್ನು ತಿಳಿದುಕೊಳ್ಳಬೇಕು. ಎರಡು ಗುಡ್ಡಗಳು ಮೂರು ಕಡೆ ಗೋಡೆಯಾಗಿವೆ. ಮನುಷ್ಯ ಕಟ್ಟಿದ್ದು ಪಡುವಣ ಬಾಯಿಗೆ ಅಡ್ಡವಾಗಿ ಒಂದು ಏರಿಯನ್ನು. ಮಳೆಗಾಲದಲ್ಲಿ ಗುಡ್ಡದ ನೆತ್ತಿಯ ಬರಿಬಂಡೆ ಹನಿಯನ್ನೂ ಹಿಡಿದಿಡದೆ ಕೆಳಗೆ ಕಳುಹಿಸುತ್ತದೆ. ಅಕ್ಕ ತಂಗಿ ಎಂದು ಜನ ಕರೆಯುವ ಧಬಧಬೆಗಳು ಆಗ ಧುಮುಕುತ್ತವೆ. ನಮ್ಮ ಮಡ್ಡಿಯಲ್ಲಿ ಶಾಪವಾದ ಗುಣವೇ ಇಲ್ಲಿ ಕೆರೆಯನ್ನು ತುಂಬುತ್ತದೆ.

543ರಲ್ಲಿ ಮೊದಲನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆಯಾಗಿ ಮಾಡಿ, ಮೇಲಿನಿಂದಲೂ ಕೆಳಗಿನಿಂದಲೂ ಶತ್ರುವಿಗೆ ಅಸಾಧ್ಯವೆನ್ನಿಸಿದನೆಂದು ಇಲ್ಲಿಯ ಬಂಡೆಯ ಶಾಸನ ಸಾರುತ್ತದೆ. ಅಸಾಧ್ಯವೆಂಬುದು ರಾಜರ ಮಾತು. ನೂರು ವರ್ಷ ತುಂಬುವ ಮೊದಲೇ, 642ರಲ್ಲಿ, ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದು ತನ್ನ ಶಾಸನವನ್ನೂ ಇಲ್ಲಿಯೇ ಕೊರೆಯಿಸಿದ. ಒಂದನೆಯ ವಿಕ್ರಮಾದಿತ್ಯ ಊರನ್ನು ಮರಳಿ ಪಡೆಯಲು ಹನ್ನೆರಡು ಹದಿಮೂರು ವರ್ಷಗಳೇ ಬೇಕಾದವು. 1818ರಲ್ಲಿ ಥಾಮಸ್ ಮನ್ರೋ ಮತ್ತೆ ಇದೇ ಕೋಟೆಯನ್ನು ಹತ್ತಿದ. ಗುಡ್ಡದ ಮೇಲಣ ಉರುಟು ಕಣಜಗಳನ್ನು ನೋಡುವಾಗ ನನಗೆ ಅನ್ನಿಸುವುದಿಷ್ಟು: ಜೋಳವನ್ನು ಮೇಲೆ ಕೂಡಿಡಬಹುದು, ದೊಡ್ಡ ನೀರು ಇರುವುದು ಮಾತ್ರ ಕೆಳಗೆ. ಕೆರೆ ಕೈಬಿಟ್ಟ ಮೇಲೆ ಕೋಟೆ ಎಷ್ಟು ದಿನ ನಿಂತೀತು?

ಕೆರೆಯ ಈಶಾನ್ಯದ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ. ಶ. 700ರ ಸುಮಾರಿನ ಇದರಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಕನ್ನಡ ತ್ರಿಪದಿಗಳಿವೆ. ಬೀಸುವ ಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡುತ್ತಿದ್ದ ಮಟ್ಟು ಅದು. ಅದನ್ನು ಕಣ್ಣಾರೆ ಕಾಣಲು ಅರ್ಧ ಗಂಟೆ ದಾರಿ ತಪ್ಪಿ ನಡೆದರೂ ನಷ್ಟವಿಲ್ಲ.

ಮೂಡಣಕ್ಕೆ ಗುಡ್ಡದ ಬೆನ್ನು ಚಪ್ಪಟೆಯಾಗಿ, ಕುರುಚಲಿನ ನಡುವೆ ಹಬ್ಬುತ್ತದೆ. ಆ ಕಡೆಗೆ ಸುಮಾರು ನಾಲ್ಕು ಕಿಲೋಮೀಟರಿನಲ್ಲಿ ಸಿಡಿಲಫಡಿ ಇದೆ. ಸಿಡಿಲು ಬಡಿದು ಆದ ಕಲ್ಲಾಸರೆ ಎಂದು ಜನ ನಂಬಿಟ್ಟ ಹೆಸರು; ನಿಜವಾಗಿ ಗಾಳಿ, ಮಳೆಗಳು ಬಂಡೆಯ ಮೆತ್ತನೆಯ ಭಾಗವನ್ನು ತಿಂದು ಕಮಾನನ್ನು ಉಳಿಸಿವೆ. ಆದಿಮಾನವನು ಇಲ್ಲಿ ಬೀಡುಬಿಟ್ಟಿದ್ದನೆಂಬುದಕ್ಕೆ ಅವನ ಚಿಕ್ಕ ಕಲ್ಲಾಯುಧಗಳೂ ಬಂಡೆಯ ಮೇಲಣ ಚಿತ್ರಗಳೂ ಸಾಕ್ಷಿ. ಇಂಥ ಆಸರೆಗಳಲ್ಲಿ ಸುಣ್ಣ, ಬಣ್ಣ, ಇದ್ದಿಲುಗಳಿಂದ ತಮ್ಮ ಹೆಸರನ್ನು ಬರೆಯುವ ಇಂದಿನವರಿಗೆ ಒಂದು ಮಾತು ತಿಳಿದಿರಬೇಕು. ಮರಳುಗಲ್ಲಿಗೆ ಅಂಟಿದ್ದನ್ನು ಉಜ್ಜಿ ತೆಗೆದರೆ ಕಲ್ಲಿನ ಪದರೂ ಅದರೊಡನೆ ಹೋಗುತ್ತದೆ. ಅಡಿಯಲ್ಲಿ ಹಳೆಯ ಚಿತ್ರವಿದ್ದರೆ ಅದಕ್ಕೆ ಮರುಜನ್ಮವಿಲ್ಲ.

ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ ಬೇರೆ. ಗಾಡಿಯ ರಸ್ತೆ ಗುಡ್ಡವನ್ನು ಸುತ್ತಿ ಬಂದರೆ ಇದು ನೇರವಾಗಿ ಅಡ್ಡ ದಾಟುತ್ತದೆ. ಎರಡನ್ನೂ ಒಂದೇ ದಿನ ಮಾಡುವ ಹಟ ಬೇಡ. ಬೆಳಗಿನ ಹೊತ್ತು ಕೋಟೆ ಕೆರೆಗಳಿಗೆ ಕೊಟ್ಟು, ಮಧ್ಯಾಹ್ನ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಲೇಸು. ಬೇಸಗೆಯಲ್ಲಂತೂ ಸಲ್ಲದು, ಕಾದ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಮಳೆ ನಿಂತ ಮೇಲೆ, ಸಂಕ್ರಾಂತಿಯ ಒಳಗೆ ಹೋಗಬೇಕು. ನೀರನ್ನು ಹೊತ್ತೇ ನಡೆಯಬೇಕು. ಕಟಕರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು. ಬುತ್ತಿಯನ್ನು ಮಾತ್ರ ಕೋತಿಗಳ ಕಣ್ಣಿಗೆ ಬೀಳದಂತೆ ಕಟ್ಟಿಕೊಳ್ಳಬೇಕು.

ಇಳಿದ ಮೇಲೆ ಮಹಾಕೂಟದ ಹಳೆಯ ಬಾಗಿಲಿನಲ್ಲಿ ಎಲುಬುಗೂಡಿನಂಥ ಮೂರ್ತಿಗಳು ಎದುರಾಗುತ್ತವೆ. ಒಳಗೆ ಆಲದ ನೆರಳು, ಗುಡಿಗಳ ಗುಂಪು, ನಡುವೆ ಒರತೆಯಿಂದ ತುಂಬುವ ಪುಷ್ಕರಣಿ. ಗುಡ್ಡದ ಮೇಲೆ ನಮ್ಮ ಕಾಲಡಿಯಲ್ಲಿ ಇಂಗಿದ್ದ ಮಳೆಯೇ ಇಲ್ಲಿ ತಿಳಿನೀರಾಗಿ ಹುಟ್ಟುತ್ತದೆ. ವಿಜಯಾದಿತ್ಯ ಅರಸನ ಪ್ರಾಣವಲ್ಲಭೆ ವಿನಾಪೋಟಿ ಎಂಬವಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟದ್ದು ಇಲ್ಲಿಯ ಮಹಾಕೂಟೇಶ್ವರನ ಗುಡಿಯ ಶಾಸನದಲ್ಲಿದೆ. ಪೀಠವೂ ಇಲ್ಲ, ಕೊಡೆಯೂ ಇಲ್ಲ. ಹುಡುಗರು ಕೊಳಕ್ಕೆ ಜಿಗಿಯುವ ಸದ್ದು ಮಾತ್ರ ಎಡೆಬಿಡದೆ ಕೇಳಿಬರುತ್ತದೆ.

ಮಂಗಳೇಶ ಅರಸು ಇಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭವನ್ನು ಹುಡುಕುವವರು ಮಹಾಕೂಟದಲ್ಲಿ ಅಲೆಯಬೇಕಾಗಿಲ್ಲ. ಆರನೆಯ ಶತಮಾನದ ಕೊನೆಯಿಂದ ಏಳನೆಯದರ ಮೊದಲಿಗೆ ಸೇರಿದ ಆ ಕಂಬ ವಿಜಯಪುರದ ಗೋಳಗುಮ್ಮಟದ ಮುಂದಣ ವಸ್ತುಸಂಗ್ರಹಾಲಯದಲ್ಲಿದೆ. ಹೊರ್ತಿಯ ಬಸ್ಸು ಹಿಡಿಯುವ ಮೊದಲು ಅದನ್ನು ಕಾಣುವುದಕ್ಕೆ ಒಂದು ಗಂಟೆ ಸಾಕು.