ಏಳು ಜನರ ಮನೆ, ಮುಗಿಯದ ಎಡವಟ್ಟು

ಜಪಾನಿನ ಫುಜಿ ಟಿವಿಯಲ್ಲಿ 1969ರ ಅಕ್ಟೋಬರ್ 5ರ ಭಾನುವಾರ ಸಂಜೆ ಆರೂವರೆಗೆ ‘ಸಜಾಯೆ-ಸಾನ್’ ಎಂಬ ಕಾರ್ಟೂನ್ ಧಾರಾವಾಹಿ ಮೊದಲ ಸಲ ಪ್ರಸಾರವಾಯಿತು. ಅರ್ಧ ಶತಮಾನ ಕಳೆದ ಮೇಲೂ ಅದು ಅದೇ ಭಾನುವಾರ, ಅದೇ ಆರೂವರೆಗೆ ಬರುತ್ತಿದೆ. ಜಗತ್ತಿನಲ್ಲಿ ಅತಿ ದೀರ್ಘಕಾಲ ನಡೆದ ಟಿವಿ ಅನಿಮೇಷನ್ ಸರಣಿ ಎಂದು ಗಿನ್ನೆಸ್ ಪುಸ್ತಕ ಅದನ್ನು ದಾಖಲಿಸಿಕೊಂಡಿದೆ. ಡೋರೇಮಾನ್, ಶಿನ್‌ಚಾನ್ ನಮ್ಮ ಮಕ್ಕಳಿಗೆ ಪಕ್ಕದ ಮನೆಯವರಷ್ಟು ಪರಿಚಿತರು. ಈ ಹಿರಿಯ ಕುಟುಂಬದ ಸುದ್ದಿ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಇಲ್ಲಿ ಮಾಯದ ಉಪಕರಣಗಳಿಲ್ಲ, ಯುದ್ಧವಿಲ್ಲ, ಖಳನಾಯಕನಿಲ್ಲ. ಪೇಟೆಗೆ ಹೋದವಳು ಪರ್ಸು ಮರೆತಳು, ಹುಡುಗ ಕಡಿಮೆ ಅಂಕದ ಪತ್ರಿಕೆ ಬಚ್ಚಿಟ್ಟ, ಅಪ್ಪ ಕುಡಿದು ತಡವಾಗಿ ಬಂದ, ಇಷ್ಟೇ ಕಥೆ. ಏಳು ನಿಮಿಷದ ಆಸುಪಾಸಿನ ಮೂರು ಕಥೆ ಸೇರಿದರೆ ವಾರದ ಅರ್ಧ ಗಂಟೆ ಮುಗಿಯುತ್ತದೆ. ಇಷ್ಟು ಸಣ್ಣ ಎಡವಟ್ಟುಗಳು ಇಷ್ಟು ವರ್ಷ ಹೇಗೆ ನಗಿಸುತ್ತ ಬಂದವು? ಹಳೆಯ ಕಾಲದ ಮೇಲಿನ ಹಂಬಲವೇ ಕಾರಣ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರ ಸಾಲದು. ಈ ಹಾಸ್ಯದ ಗುಟ್ಟು ಮನೆಯಲ್ಲಿ ಎಷ್ಟು ಜನರಿದ್ದಾರೆ, ಅವರು ಒಬ್ಬರಿಗೊಬ್ಬರು ಏನಾಗಬೇಕು ಎಂಬುದರಲ್ಲಿದೆ.

ಮನೆಯಲ್ಲಿರುವುದು ಏಳು ಜನ ಮತ್ತು ಒಂದು ಬೆಕ್ಕು. ಯಜಮಾನ ಇಸೊನೊ ನಮಿಹೆಯಿಗೆ 54 ವರ್ಷ, ಬೋಳು ನೆತ್ತಿಯ ಮೇಲೆ ಒಂದೇ ಒಂದು ಕೂದಲು, ಮೂಗಿನ ತುದಿಯಲ್ಲೇ ಕೋಪ. ಹೆಂಡತಿ ಫುನೆ ತಾಳ್ಮೆಯವಳು. ಹಿರಿಮಗಳು ಸಜಾಯೆಗೆ 24, ಅವಳ ಗಂಡ ಮಸುವೊಗೆ 28, ಅವರ ಮಗು ತಾರಾನಿಗೆ 3. ಇವರ ಜೊತೆಗೆ ಸಜಾಯೆಯ ತಮ್ಮ, ಐದನೇ ತರಗತಿಯ ಕತ್ಸುವೊ. ತಂಗಿ, ಮೂರನೇ ತರಗತಿಯ ವಕಾಮೆ. ಹೆಸರುಗಳೆಲ್ಲ ಕಡಲಿಗೆ ಸಂಬಂಧಿಸಿದವು, ಏಕೆಂದರೆ ಪಾತ್ರಗಳನ್ನು ಸೃಷ್ಟಿಸಿದ ಮಚಿಕೊ ಹಸೆಗಾವಾ ಅವರಿಗೆ ಅವು ಹೊಳೆದದ್ದು ಫುಕುವೊಕಾದ ಕಡಲತೀರದಲ್ಲಿ ಅಡ್ಡಾಡುವಾಗ. ವಯಸ್ಸುಗಳ ಈ ಜೋಡಣೆಯನ್ನು ಸ್ವಲ್ಪ ಗಮನಿಸಬೇಕು. ಮೂರು ವರ್ಷದ ಮಗುವಿಗೆ ಶಾಲೆಗೆ ಹೋಗುವ ಸೋದರಮಾವ, ಅವನಿಗಿಂತಲೂ ಚಿಕ್ಕವಳಾದ ಚಿಕ್ಕಮ್ಮ. ಅಕ್ಕ ತಮ್ಮನಿಗೆ ಅರ್ಧ ತಾಯಿ, ಆದರೆ ಅಮ್ಮ ಇನ್ನೂ ಗಟ್ಟಿಯಾಗಿರುವುದರಿಂದ ಪೂರ್ತಿ ಅಧಿಕಾರ ಅವಳಿಗಿಲ್ಲ. ಮಸುವೊ ಒಬ್ಬ ಮಗುವಿನ ತಂದೆ, ಆದರೆ ಮನೆಯ ಯಜಮಾನನಲ್ಲ. ಮಾವನ ಎದುರು ಅಳಿಯ, ಕತ್ಸುವೊನ ಪಾಲಿಗೆ ತಪ್ಪು ಮಾಡಿದಾಗ ಬಚ್ಚಿಟ್ಟುಕೊಳ್ಳಲು ಸಿಗುವ ಭಾವ. ಕೂಡು ಕುಟುಂಬ ಕಂಡ ಕನ್ನಡಿಗರಿಗೆ ಇಂಥ ನಡುವಿನ ಸ್ಥಾನಗಳ ಬಗ್ಗೆ ವಿವರಣೆ ಬೇಕಿಲ್ಲ. ಇಲ್ಲಿ ಯಾರ ಅಧಿಕಾರವೂ ಪೂರ್ಣವಲ್ಲ, ಯಾರೂ ಪೂರ್ತಿ ಚಿಕ್ಕವರೂ ಅಲ್ಲ.

ಇಂಥ ಮನೆಯಲ್ಲಿ ತಪ್ಪೊಂದು ನಡೆದರೆ ಅದು ನಡೆದ ಜಾಗದಲ್ಲೇ ನಿಲ್ಲುವುದಿಲ್ಲ. ಕತ್ಸುವೊಗೆ ಪರೀಕ್ಷೆಯಲ್ಲಿ ಕಡಿಮೆ ಅಂಕ ಬರುವುದು ಧಾರಾವಾಹಿಯಲ್ಲಿ ಮತ್ತೆ ಮತ್ತೆ ಬರುವ ಪ್ರಸಂಗ. ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದಿದ್ದರೆ ಪತ್ರಿಕೆ ತೋರಿಸುವುದು, ಬೈಸಿಕೊಳ್ಳುವುದು, ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಪತ್ರಿಕೆಯನ್ನು ಅಪ್ಪನಿಂದ ಮುಚ್ಚಿಡಬೇಕು. ಆದರೆ ಅದೇ ಕೋಣೆಯಲ್ಲಿ ಮಲಗುವ ತಂಗಿಗೆ ಅದು ಗೊತ್ತಾಗುತ್ತದೆ. ಅವಳ ಬಾಯಿ ಮುಚ್ಚಿಸಿದರೆ ಏನೂ ಅರಿಯದ ಮಗು ತಾರಾ ಊಟದ ಹೊತ್ತಿಗೆ ಎಲ್ಲರೆದುರು ಹೇಳಿಬಿಡುತ್ತಾನೆ. ಭಾವ ಪರ ವಹಿಸಲು ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ. ಅಷ್ಟರಲ್ಲಿ ಅಪ್ಪನದೇ ಒಂದು ಹಳೆಯ ತಪ್ಪು ಅಮ್ಮನ ಬಾಯಿಂದ ಹೊರಬೀಳುತ್ತದೆ. ನಗು ಬರುವುದು ಅಂಕಕ್ಕೆ ಅಲ್ಲವೇ ಅಲ್ಲ, ಆ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟುವಾಗ ತಾಳುವ ರೂಪಗಳಿಗೆ. ಮನೆಯ ಕಟ್ಟಡವೂ ಇದಕ್ಕೆ ಅನುಕೂಲವಾಗಿದೆ. ಒಂದೇ ಅಂತಸ್ತು, ಸರಿಸುವ ತೆಳು ಬಾಗಿಲುಗಳು, ತೋಟಕ್ಕೆ ತೆರೆದ ಜಗಲಿ, ಎಲ್ಲರೂ ಸುತ್ತ ಕೂರುವ ತಗ್ಗಾದ ಊಟದ ಮೇಜು. ಒಂದು ಕೋಣೆಯಲ್ಲಿ ಪಿಸುಗುಟ್ಟಿದ್ದು ಪಕ್ಕದ ಕೋಣೆಯಲ್ಲಿ ಅರ್ಧ ಕೇಳಿಸುತ್ತದೆ. ಪೂರ್ತಿ ಕೇಳಿಸಿದರೆ ತಪ್ಪು ತಿಳಿವಳಿಕೆ ಹುಟ್ಟದು, ಏನೂ ಕೇಳಿಸದಿದ್ದರೆ ಕುತೂಹಲ ಹುಟ್ಟದು. ಈ ಅರ್ಧ ಕೇಳಿಸುವಿಕೆಯಿಂದ ಎಷ್ಟು ನೂರು ಕಥೆಗಳು ಬಂದಿವೆಯೋ! ಕೊನೆಗೆ ಶಿಕ್ಷೆ ಕೂಡ ಹಂಚಿಹೋಗುತ್ತದೆ. ನಮಿಹೆಯಿ ಗುಡುಗಿದರೆ ಫುನೆ ತಣಿಸುತ್ತಾಳೆ, ಸಜಾಯೆ ತಮ್ಮನನ್ನು ಅಟ್ಟಾಡಿಸಿದರೆ ಮಸುವೊ ಅವನಿಗೆ ಗುಟ್ಟಾಗಿ ಧೈರ್ಯ ಹೇಳುತ್ತಾನೆ.

ಚಿಕ್ಕ ಕುಟುಂಬದ ಕಾರ್ಟೂನುಗಳೂ ನಗಿಸುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 1989ರಲ್ಲಿ ಶುರುವಾದ ಅಮೆರಿಕದ ‘ದಿ ಸಿಂಪ್ಸನ್ಸ್’ ಮನೆಯಲ್ಲಿ ಐದೇ ಜನ. ಶಿನ್‌ಚಾನ್ ಮನೆಯಲ್ಲಿ ನಾಯಿಯನ್ನು ಬಿಟ್ಟರೆ ನಾಲ್ವರು. ಎರಡೂ ಅದ್ಭುತವಾಗಿ ನಗಿಸುತ್ತವೆ. ಆದರೆ ಅಲ್ಲಿ ನಗು ಬರಬೇಕಾದರೆ ಒಬ್ಬ ವ್ಯಕ್ತಿ ಅಸಾಧಾರಣನಾಗಿರಲೇಬೇಕು. ಹೋಮರ್ ಸಿಂಪ್ಸನ್ ಅಣುಸ್ಥಾವರದಲ್ಲಿ ಕೆಲಸ ಮಾಡುವ ಮಹಾ ಬೇಜವಾಬ್ದಾರಿ, ಅವನ ಎಡವಟ್ಟು ಊರನ್ನೇ ಅಲ್ಲಾಡಿಸಬಲ್ಲದು. ಶಿನ್‌ಚಾನ್ ಐದು ವರ್ಷದ ಹುಡುಗ ಆಡಬಾರದ್ದನ್ನು ಆಡುತ್ತಾನೆ, ಅದರಿಂದಲೇ ತಾಯಿಗೆ ತಲೆ ತಗ್ಗಿಸುವಂತಾಗುತ್ತದೆ. ಮಂದಿ ಕಡಿಮೆ ಇದ್ದಾಗ ಪಾತ್ರದ ವಿಚಿತ್ರತನವೇ ಕಥೆಯನ್ನು ಎಳೆಯಬೇಕು. ಸಜಾಯೆ-ಸಾನ್ ಮನೆಯಲ್ಲಿ ಎಲ್ಲರೂ ಸಾಮಾನ್ಯರು. ಸಜಾಯೆ ಸ್ವಲ್ಪ ಮರೆಗುಳಿ, ಸ್ವಲ್ಪ ಅವಸರದವಳು, ಅಷ್ಟೆ. ಕಥೆಯನ್ನು ಎಳೆಯುವುದು ಸಂಬಂಧಗಳ ಸಂಖ್ಯೆ. ಮೂವರಿರುವಲ್ಲಿ ಇಬ್ಬಿಬ್ಬರ ಜೋಡಿಗಳು ಮೂರು, ನಾಲ್ವರಿರುವಲ್ಲಿ ಆರು, ಏಳು ಜನರಿರುವಲ್ಲಿ ಇಪ್ಪತ್ತೊಂದು. ಪ್ರತಿ ಜೋಡಿಗೂ ಅದರದೇ ಸಲಿಗೆ, ಅದರದೇ ಗುಟ್ಟು, ಅದರದೇ ಹಳೆಯ ಲೆಕ್ಕ. ಒಂದೇ ಎಡವಟ್ಟು ಯಾವ ಜೋಡಿಯಿಂದ ಹೊರಟು ಯಾವ ಜೋಡಿಗೆ ಮುಟ್ಟುತ್ತದೆ ಎಂಬುದರ ಮೇಲೆ ಹೊಸ ಕಥೆಯಾಗುತ್ತದೆ. ಈ ಸರಣಿಯ ಕಥೆಗಾರರು ದಶಕಗಟ್ಟಲೆ ಬರೆದರೂ ಬತ್ತದೇ ಇದ್ದದ್ದಕ್ಕೆ ಇದಕ್ಕಿಂತ ನಂಬಿಕೆಯ ಕಾರಣ ನನಗೆ ಕಾಣುವುದಿಲ್ಲ.

ಇನ್ನು ಹಂಬಲದ ಮಾತು. ಈ ಕುಟುಂಬ ಹುಟ್ಟಿದ್ದು ಟಿವಿಯಲ್ಲಿ ಅಲ್ಲ. ಮಹಾಯುದ್ಧದಲ್ಲಿ ಜಪಾನ್ ಸೋತು ಒಂದು ವರ್ಷವೂ ಆಗಿರದ 1946ರ ಏಪ್ರಿಲ್ 22ರಂದು ಫುಕುವೊಕಾದ ಒಂದು ಸಂಜೆಪತ್ರಿಕೆಯಲ್ಲಿ ನಾಲ್ಕು ಚೌಕಗಳ ಚಿತ್ರಕಥೆಯಾಗಿ ಇದು ಶುರುವಾಯಿತು. ಬಾಂಬಿಗೆ ಮನೆಗಳು ಸುಟ್ಟುಹೋಗಿದ್ದವು, ಅಕ್ಕಿಗೆ ಪಡಿತರ, ಉಳಿದದ್ದಕ್ಕೆ ಕಾಳಸಂತೆ. ಎರಡು-ಮೂರು ಸಂಸಾರ ಒಂದೇ ಸೂರಿನಡಿ ಇರುವುದು ಆಗ ಆದರ್ಶವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಸಜಾಯೆ ದಂಪತಿ ತವರಿಗೆ ಬಂದು ಸೇರಿದ್ದರ ಕಾರಣ ಕೂಡ ಒಂದು ಎಡವಟ್ಟೇ: ಬಾಡಿಗೆ ಮನೆಯಲ್ಲಿದ್ದಾಗ ಮಸುವೊ ಸೌದೆಗೆಂದು ಬೇಲಿಯನ್ನು ಗರಗಸದಿಂದ ಕೊಯ್ದ, ಮನೆ ಮಾಲೀಕನ ಜೊತೆ ಜಗಳವಾಯಿತು, ಮನೆ ಬಿಡಬೇಕಾಯಿತು. ಒಲೆಗೆ ಸೌದೆಯಿಲ್ಲದ ಕಾಲದ ನಗು ಅದು, ಅದರಲ್ಲಿ ಹಳೆಯದರ ಹಂಬಲ ಎಲ್ಲಿದೆ? 1920ರಲ್ಲಿ ಹುಟ್ಟಿದ ಹಸೆಗಾವಾ ಅವರ ಸ್ವಂತ ಬದುಕನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅವರು ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು, ತಾಯಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದರು, ಮಚಿಕೊ ಮದುವೆಯಾಗಲಿಲ್ಲ. ಹೆಂಗಸರೇ ನಡೆಸಿದ ಮನೆಯಲ್ಲಿ ಕೂತು ಅವರು ಗುಡುಗುವ ಅಪ್ಪನನ್ನೂ ತುಂಟ ತಮ್ಮನನ್ನೂ ಬರೆದರು. ಚಿತ್ರಕಥೆ ಮುಂದೆ ಅಸಾಹಿ ಶಿಂಬುನ್ ಪತ್ರಿಕೆಗೆ ಹೋಗಿ 1974ರ ಫೆಬ್ರುವರಿಯವರೆಗೆ ನಡೆಯಿತು. ಒಟ್ಟು ಕಂತುಗಳು ಆರು ಸಾವಿರಕ್ಕೂ ಮಿಕ್ಕಿವೆ.

ಟಿವಿಯ ಸಜಾಯೆ-ಸಾನ್ ಬಗ್ಗೆ ಹಂಬಲದ ಈ ಆಕ್ಷೇಪಕ್ಕೆ ಹೆಚ್ಚು ತೂಕವಿದೆ ಎಂಬುದನ್ನು ಒಪ್ಪಬೇಕು. ಅಲ್ಲಿ ಕಾಲ ನಿಂತಿದೆ. ಯಾರಿಗೂ ವಯಸ್ಸಾಗುವುದಿಲ್ಲ. ಚಿತ್ರಕಥೆಯ ಕಾಲದಲ್ಲಿ ಜಪಾನಿನ ಎಷ್ಟೋ ಕಂಪನಿಗಳಲ್ಲಿ ನಿವೃತ್ತಿ 55ಕ್ಕೆ; ನಮಿಹೆಯಿ ಅಂದಿನಿಂದಲೂ 54ರಲ್ಲೇ ಇದ್ದಾನೆ. ಜಗತ್ತಿನ ಕೈಗೆಲ್ಲ ಮೊಬೈಲು ಬಂದರೂ ಆ ಮನೆಯಲ್ಲಿ ಡಯಲ್ ತಿರುಗಿಸುವ ಕಪ್ಪು ಫೋನೇ. 1980ರ ಸುಮಾರಿಗೆ ಜಪಾನಿನಲ್ಲಿ 65 ದಾಟಿದವರಿರುವ ಮನೆಗಳಲ್ಲಿ ಅರ್ಧದಷ್ಟು ಮೂರು ತಲೆಮಾರಿನವು. ಈಗ ಅವು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಹೀಗಿರುವಾಗ ನೋಡುಗರು ತಮ್ಮಲ್ಲಿ ಇಲ್ಲದ್ದನ್ನು ಹಂಬಲಿಸಿ ನೋಡುತ್ತಾರೆ ಎನ್ನುವುದು ಸಹಜ. ಆದರೆ 1979ರ ಸೆಪ್ಟೆಂಬರಿನಲ್ಲಿ, ಅಂದರೆ ಅಂಥ ಮನೆಗಳು ಇನ್ನೂ ಎಲ್ಲೆಲ್ಲೂ ಇದ್ದ ಕಾಲದಲ್ಲೇ, ಈ ಸರಣಿ ತನ್ನ ಅತ್ಯಧಿಕ ವೀಕ್ಷಕ ಪ್ರಮಾಣವಾದ ಶೇಕಡಾ 39.4 ಮುಟ್ಟಿತು. ಮನೆಯಲ್ಲಿ ಅಜ್ಜ-ಅಜ್ಜಿ ಕೂತಿದ್ದವರೂ ಅದನ್ನು ನೋಡಿದರು. ಇಂದಿನ ನೋಡುಗರ ನಡವಳಿಕೆಯೂ ಕಳೆದುಹೋದದ್ದಕ್ಕೆ ಮರುಗುವವರಂತೆ ಕಾಣುವುದಿಲ್ಲ. 2020ರ ಏಪ್ರಿಲ್ ಕೊನೆಯಲ್ಲಿ, ಕೊರೋನಾದಿಂದ ಜನ ಮನೆಯಲ್ಲೇ ಇದ್ದಾಗ, ಈ ಕುಟುಂಬ ರಜೆಯಲ್ಲಿ ಹೊರಗೆ ಸುತ್ತುವ ಕಥೆ ಬಂದದ್ದಕ್ಕೆ ಕೆಲವರು ಸಿಟ್ಟಾದರು, ಬೀದಿಯವರು ನಿಯಮ ಮುರಿದರೆ ಆಗುವಂತೆ. ಟೋಕಿಯೊದ ಸಕುರಾ ಶಿನ್ಮಾಚಿಯಲ್ಲಿ 2012ರಲ್ಲಿ ಇವರೆಲ್ಲರ ಕಂಚಿನ ಪ್ರತಿಮೆ ನಿಲ್ಲಿಸಿದಾಗ ಯಾರೋ ನಮಿಹೆಯಿಯ ನೆತ್ತಿಯ ಆ ಒಂಟಿ ಕೂದಲನ್ನೇ ಕಿತ್ತೊಯ್ದರು. ಭಾನುವಾರ ಸಂಜೆ ಈ ಧಾರಾವಾಹಿ ಮುಗಿದಾಗ ನಾಳೆ ಕೆಲಸಕ್ಕೆ ಹೋಗಬೇಕೆಂದು ಮನಸ್ಸು ಭಾರವಾಗುವುದನ್ನು ಜಪಾನಿನವರು ‘ಸಜಾಯೆ-ಸಾನ್ ಬೇನೆ’ ಎಂದೇ ಕರೆಯುತ್ತಾರೆ. ಇವು ಈಗಿನ ಬದುಕಿನೊಳಗೆ ಇರುವ ಮನೆಯೊಂದರ ಜೊತೆಗಿನ ಒಡನಾಟದ ಗುರುತುಗಳು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಂಗಸರ ಕಡೆಯಿಂದ ಬರುವುದು. ದೊಡ್ಡ ಕುಟುಂಬದ ನಗುವಿಗೆ ಬೆಲೆ ತೆತ್ತವರು ಯಾರು? ಜಪಾನಿರಲಿ, ನಮ್ಮ ನಾಡಿರಲಿ, ಹತ್ತು ಜನರ ಮನೆಯಲ್ಲಿ ಹೊಗೆ ಕುಡಿದವಳು ಸೊಸೆ. ಅಲ್ಲಿ ಹಾಲು ಉಕ್ಕಿದರೆ ಅದು ತಮಾಷೆಯಾಗಲಿಲ್ಲ, ಅವಳ ತವರಿನವರೆಗೆ ಹೋಗುವ ದೂರಾಯಿತು. ಇದನ್ನು ಮರೆತು ಕೂಡು ಕುಟುಂಬವನ್ನು ಹೊಗಳುವುದು ಅನ್ಯಾಯ. ಹಸೆಗಾವಾ ಇದನ್ನು ಮರೆತಿರಲಿಲ್ಲ ಎಂದೇ ನಾನು ನಂಬುತ್ತೇನೆ, ಏಕೆಂದರೆ ಅವರು ತಮ್ಮ ಮನೆಯಲ್ಲಿ ಸೊಸೆಯನ್ನೇ ಇಡಲಿಲ್ಲ. ಹೆಂಡತಿಯ ತವರಿಗೆ ಬಂದವನು ಗಂಡ. ಅವನು ದತ್ತು ಹೋದವನೂ ಅಲ್ಲ, ಫುಗುತ ಎಂಬ ತನ್ನ ಮನೆತನದ ಹೆಸರನ್ನು ಉಳಿಸಿಕೊಂಡೇ ಇಸೊನೊ ಮನೆಯಲ್ಲಿದ್ದಾನೆ. ಹೀಗಾಗಿ ಸಜಾಯೆಯ ಎಡವಟ್ಟಿಗೆ ಬೈಯುವವಳು ಹೆತ್ತ ತಾಯಿ, ತಿರುಗಿ ಮಾತಾಡುವ ಧೈರ್ಯ ಮಗಳಿಗಿದೆ. ಹಾಸ್ಯಕ್ಕೆ ಏಳು ಜನ ಬೇಕು ಎಂದೆನಲ್ಲ, ಅದರ ಜೊತೆಗೆ ಇದೂ ಬೇಕು. ಮರೆತದ್ದಕ್ಕೆ, ಸುಟ್ಟದ್ದಕ್ಕೆ, ಒಡೆದದ್ದಕ್ಕೆ ಮನೆಯಿಂದ ಹೊರಬೀಳುವ ಭಯ ಯಾರಿಗೂ ಇರಬಾರದು. ನೋವಿನ ಮೂಲವನ್ನೇ ತೆಗೆದುಹಾಕಿ ಸುಲಭದ ನಗು ಕಟ್ಟಿದರು ಎಂದು ಇದನ್ನು ದೂರಬಹುದು. ಆದರೆ ಅತ್ತೆ-ಸೊಸೆಯರ ಜಗಳವನ್ನೇ ನಗೆಯ ಸರಕು ಮಾಡಿಕೊಳ್ಳುವ ದಾರಿ ಅವರೆದುರು ಸಲೀಸಾಗಿ ತೆರೆದಿತ್ತು. ಅವರು ಆ ದಾರಿ ಹಿಡಿಯಲಿಲ್ಲ.

ಟಿವಿ ಸರಣಿಯ ಮೇಲೆ ನನಗಿರುವ ದೂರೂ ಇಲ್ಲೇ. ಪತ್ರಿಕೆಯ ಸಜಾಯೆ ಗಂಡನ ಮೇಲೆ ಯಜಮಾನಿಕೆ ಮಾಡಿ ನೆರೆಹೊರೆಯ ಗಂಡಸರ ಹುಬ್ಬೇರಿಸಿದವಳು, ಮಹಿಳಾ ಸಂಘಕ್ಕೆ ಸೇರಿ ಹೆಂಗಸರ ಹಕ್ಕಿನ ಮಾತಾಡಿದವಳು. ಅವಳ ಎಷ್ಟೋ ಎಡವಟ್ಟುಗಳು ಆ ಉತ್ಸಾಹದಿಂದಲೇ ಹುಟ್ಟಿದವು. ತೆರೆಯ ಮೇಲಿನವಳು ಹೆಚ್ಚಾಗಿ ಅಡುಗೆಮನೆ, ಪೇಟೆ, ಜಗಲಿಗಳ ನಡುವೆ ಉಳಿದಿದ್ದಾಳೆ. ಆರಂಭದಿಂದಲೂ ಅವಳಿಗೆ ದನಿ ಕೊಡುತ್ತ ಬಂದ ಮಿದೊರಿ ಕತೊ ಅವರ ಗಂಟಲಿನಲ್ಲಿ ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡುವ ಹೆಂಗಸಿಗೆ ಬೇಕಾದ ಕಸುವೆಲ್ಲ ಇದೆ. ಹಸೆಗಾವಾ ಬಿಟ್ಟುಹೋದ ಆರು ಸಾವಿರ ಕಂತುಗಳಲ್ಲಿ ಆ ಸಜಾಯೆಯ ಕಥೆಗಳೂ ಇವೆ. ಈಗಿನ ಕಥೆಗಾರರು ಅವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.