ಪ್ಯಾರಿಸ್ಸಿನ ಸಭೆ, ಆಳಂದದ ಗಡಿ

ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ಸೊಲ್ಲಾಪುರ ಸೀಮೆ ದೂರವೇನಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಮುಖ್ಯ ಪಡೆ ಆ ಸೊಲ್ಲಾಪುರದ ಕಡೆಯಿಂದಲೇ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿ ನಳದುರ್ಗ ಹಿಡಿಯಿತು. ಅದೇ ವಾರ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಭಾರತದ ವಿರುದ್ಧ ಈ ಸಂಸ್ಥಾನ ಕೊಟ್ಟ ದೂರು ಕೇಳಲು ಕೂತಿತ್ತು.

ದೂರು ಹೋದದ್ದು ಆಗಸ್ಟ್ 21ಕ್ಕೆ. ಅಮೆರಿಕದ ಅಧ್ಯಕ್ಷ ಟ್ರೂಮನ್ ಮಧ್ಯಸ್ಥಿಕೆ ವಹಿಸಲಿ ಎಂದೂ ಹೈದರಾಬಾದಿನ ದೊರೆ ನಿಜಾಮರು ಕೇಳಿಕೊಂಡಿದ್ದರು, ಅಮೆರಿಕ ಒಪ್ಪಲಿಲ್ಲ. ಸೆಪ್ಟೆಂಬರ್ 16ರಂದು ಎಂಟು ಸದಸ್ಯರ ಮತದಿಂದ ವಿಷಯ ಚರ್ಚೆಗೆ ಬಂತು. ಸೋವಿಯತ್ ಒಕ್ಕೂಟ, ಉಕ್ರೇನ್, ಚೀನಾ ತಟಸ್ಥವಾಗಿ ಉಳಿದವು. ಮರುದಿನ ನಿಜಾಮರು ಶರಣಾದರು, ಕೆಲವೇ ದಿನಗಳಲ್ಲಿ ದೂರನ್ನೂ ಹಿಂತೆಗೆದುಕೊಂಡರು.

ಮಂಡಳಿಯಲ್ಲಿ ವಾದ ನಡೆದದ್ದು ದೂರು ಕೊಡುವ ಹಕ್ಕು ಹೈದರಾಬಾದಿಗೆ ಇದೆಯೋ ಇಲ್ಲವೋ ಎಂದು. ರಾಜ್ಯಗಳ ಹಕ್ಕಿನ ಮಾತಿನಲ್ಲಿ ಹಳ್ಳಿಯ ಜನ ಕಾಣಿಸಲೇ ಇಲ್ಲ. ಇದು ಹಳೆಯ ರೂಢಿ. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕರ ಬಂಡಾಯವನ್ನು ಅಡಗಿಸಿದ ಬ್ರಿಟಿಷರು, 1860ರ ಒಪ್ಪಂದದಲ್ಲಿ ಆ ಸಂಸ್ಥಾನವನ್ನು ನಿಜಾಮರಿಗೆ ಬಹುಮಾನವಾಗಿ ಕೊಟ್ಟರು. ಜೇವರ್ಗಿಯ ನೆರೆಯ ಸುರಪುರದ ಜನರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. 1800ರ ಒಪ್ಪಂದದಲ್ಲಿ ನಿಜಾಮರಿಗೆ ರಕ್ಷಣೆಯ ಭರವಸೆ ಕೊಟ್ಟಿದ್ದ ಅದೇ ಬ್ರಿಟಿಷರು 1947ರಲ್ಲಿ, ಸಂಸ್ಥಾನಗಳ ಮೇಲಿನ ತಮ್ಮ ಪರಮಾಧಿಕಾರ ಮುಗಿಯಿತೆಂದು ಕಾಯ್ದೆ ಮಾಡಿ ಹೊರಟುಹೋದರು.

ಶರಣಾಗತಿಯಿಂದ ಯುದ್ಧ ನಿಂತಿತು, ನೆರೆಹೊರೆಯವರ ನಡುವಿನ ಹಗೆ ನಿಲ್ಲಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರು ಹತ್ಯಾಕಾಂಡ ನಡೆಸಿದ್ದರು. ಸೇನೆ ಬಂದ ಮೇಲೆ ಸೇಡಿಗೆ ಬಲಿಯಾದವರು ಮುಸ್ಲಿಮರು, ರಜಾಕಾರರ ಹಾವಳಿಯಲ್ಲಿ ಯಾವ ಕೈಯೂ ಇಲ್ಲದವರು ಕೂಡ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16ರಲ್ಲಿ 9 ಜಿಲ್ಲೆಗಳನ್ನು ಸುತ್ತಿ, ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ್. ಅಂದರೆ ಆಳಂದವೂ ಜೇವರ್ಗಿಯೂ ಇದ್ದ ಗುಲಬರ್ಗಾ ಜಿಲ್ಲೆ ಅದರಲ್ಲಿ ಸೇರಿದೆ.

1949ರ ಮೇ ತಿಂಗಳಲ್ಲಿ ಪಾಕಿಸ್ತಾನ ಭದ್ರತಾ ಮಂಡಳಿಯಲ್ಲಿ ಮತ್ತೆ ಹೈದರಾಬಾದಿನ ಮಾತೆತ್ತಿತು. ಕಾಶ್ಮೀರದ ಜಗಳ ಅದರ ಬೆನ್ನ ಹಿಂದಿತ್ತು, ನಮ್ಮ ಸತ್ತವರು ವಾದದ ಸರಕಾದರು. ದೆಹಲಿಯೂ ಸಮಿತಿಯ ವರದಿಯನ್ನು ಮುಚ್ಚಿಟ್ಟಿತು. ಅದು ಓದುಗರ ಕೈಗೆ ಸಿಕ್ಕಿದ್ದು 2013ರಲ್ಲಿ. ಹೊರಗಿನವರು ಕೈಚೆಲ್ಲಿದ್ದಕ್ಕಿಂತ ಈ ಮೌನವೇ ನನ್ನನ್ನು ಹೆಚ್ಚು ನೋಯಿಸುತ್ತದೆ. ಆಳಂದ, ಅಫಜಲಪುರ, ಜೇವರ್ಗಿಯ ಗ್ರಂಥಾಲಯಗಳಲ್ಲಿ ಗೋರ್ಟಾದ ಕಥನದ ಪಕ್ಕದಲ್ಲೇ ಆ ವರದಿಯೂ ಮಕ್ಕಳ ಕೈಗೆ ಸಿಗಬೇಕು.