ಮಂತ್ರಖಡ್ಗದ ಬೆಲೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಕೈಯಲ್ಲಿ ಕಾಗದ ಪೆನ್ಸಿಲುಗಳನ್ನೂ ಮುಂದೆ ಬಹುಮುಖದ ದಾಳಗಳನ್ನೂ ಇರಿಸಿಕೊಂಡು, ತಮ್ಮಲ್ಲೊಬ್ಬನು ಹೇಳತೊಡಗಿದ ಕಥೆಯೊಳಕ್ಕೆ ತಾವೇ ವೀರರಾಗಿ, ಮಾಂತ್ರಿಕರಾಗಿ, ಕಳ್ಳರಾಗಿ ಪ್ರವೇಶಿಸಿ, ಅದರ ಗತಿಯನ್ನು ತಮ್ಮ ವಿವೇಚನೆಯಿಂದಲೂ ದಾಳದ ನಿರ್ದಾಕ್ಷಿಣ್ಯವಾದ ತೀರ್ಪಿನಿಂದಲೂ ನಿರ್ಣಯಿಸುತ್ತ ಹೋಗುವ ವಿನೋದವೊಂದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾ ಎಂಬ ಚಿಕ್ಕ ಊರಿನಿಂದ ಹೊರಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಕಥೆ ನಡೆಸುವವನಿಗೆ ಡಂಜನ್ ಮಾಸ್ಟರ್ ಎಂಬ ಬಿರುದುಂಟು. ಅವನ ಕೆಲಸವನ್ನು ನೋಡಿದರೆ ಸೂತ್ರಧಾರನೆಂದು ಕರೆಯಲು ಅಡ್ಡಿಯಿಲ್ಲ. ಊರುಗಳನ್ನೂ ಅರಸರನ್ನೂ ಗುಹೆಗಳನ್ನೂ ದೈತ್ಯರನ್ನೂ ಕಲ್ಪಿಸುವ ಭಾರವೆಲ್ಲ ಅವನದೇ. ಆದರೂ ಅವನನ್ನು ಎಲ್ಲಕ್ಕಿಂತ ಹೆಚ್ಚು ಪೇಚಿಗೆ ಸಿಕ್ಕಿಸುವುದು ಯಾವ ದೈತ್ಯನೂ ಅಲ್ಲ, ದೈತ್ಯನು ಸತ್ತ ಮೇಲೆ ಅವನ ಗುಹೆಯಲ್ಲಿ ಸಿಕ್ಕುವ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿ ಏನನ್ನಿಡಬೇಕು? ಜೀವದ ಹಂಗು ತೊರೆದು ಹೋರಾಡಿದವರಿಗೆ ಬರಿಯ ನಾಣ್ಯಗಳನ್ನು ಕೊಟ್ಟರೆ ಮುಖ ಬಾಡುತ್ತದೆ. ಹೊಳೆಯುವ ಮಂತ್ರಖಡ್ಗವೊಂದನ್ನು ಕೊಟ್ಟರೆ ಮೇಜಿನ ಸುತ್ತ ಹರ್ಷೋದ್ಗಾರ ಏಳುತ್ತದೆ. ಆ ಉದ್ಗಾರದ ರುಚಿ ಕಂಡ ಸೂತ್ರಧಾರನು ವಾರವಾರವೂ ಔದಾರ್ಯವನ್ನು ಮೆರೆಯತೊಡಗಿ, ಕೆಲವೇ ತಿಂಗಳುಗಳಲ್ಲಿ ತನ್ನ ಆಟಗಾರರನ್ನು ಯಾವ ಅಪಾಯವೂ ತಟ್ಟದ ಸ್ಥಿತಿಗೆ ಏರಿಸಿಬಿಡುತ್ತಾನೆ. ಹಾಗೆ ಬಹುಮಾನಗಳನ್ನು ಸುರಿಯುವ ಆಟವನ್ನು ಅಮೆರಿಕದ ಆಟಗಾರರು ದೂರದರ್ಶನದ ಬಹುಮಾನ ಸ್ಪರ್ಧೆಯೊಂದರ ನಿರೂಪಕನಾದ ಮಾಂಟಿ ಹಾಲ್‌ನ ಹೆಸರಿನಿಂದ ಹಾಸ್ಯ ಮಾಡುವುದುಂಟು.

ಈ ಕೆಡುಕು ಬರುವ ಬಗೆಯನ್ನು ಕೊಂಚ ಲೆಕ್ಕ ಹಾಕಿಯೇ ತಿಳಿಯಬೇಕು. ಹೊಡೆತ ತಗಲಿತೇ ಇಲ್ಲವೇ ಎಂಬುದನ್ನು ನಿರ್ಣಯಿಸುವುದು ಇಪ್ಪತ್ತು ಮುಖದ ದಾಳವಾದುದರಿಂದ, ಒಂದೊಂದು ಅಂಕಕ್ಕೂ ನೂರಕ್ಕೆ ಐದರಷ್ಟು ಸಂಭಾವ್ಯತೆ. ದಾಳದ ಮೇಲೆ 8 ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಶತ್ರುವಿಗೆ ಏಟು ತಗಲಿಸಬಲ್ಲ ವೀರನೊಬ್ಬನಿದ್ದಾನೆನ್ನೋಣ. ಅವನ ಏಟುಗಳಲ್ಲಿ ನೂರಕ್ಕೆ 65 ಫಲಿಸುತ್ತವೆ. ದಾಳಕ್ಕೆ ಮೂರನ್ನು ಕೂಡಿಸಿಕೊಡುವ ಮೂರಂಕದ ಮಂತ್ರಖಡ್ಗ ಕೈಗೆ ಬಂದರೆ ಅದು 80 ಆಗುತ್ತದೆ. ಇದು ಸಹಿಸಬಹುದಾದ ವೃದ್ಧಿಯೇ. ಆದರೆ ಅದೇ ಮೂರಂಕವನ್ನು ಕವಚಕ್ಕೆ ಸೇರಿಸಿ ನೋಡಿ. ಉಕ್ಕಿನ ಕವಚವನ್ನೂ ಗುರಾಣಿಯನ್ನೂ ಧರಿಸಿದವನ ರಕ್ಷಣಾಂಕ, ಅಂದರೆ ಏಟು ತಗಲಬೇಕಾದರೆ ಶತ್ರುವಿನ ಮೊತ್ತ ಮುಟ್ಟಬೇಕಾದ ಅಂಕ, 20. ಗಾಬ್ಲಿನ್ ಎಂಬ ಕ್ಷುದ್ರ ಪಿಶಾಚಿಯು ದಾಳಕ್ಕೆ 4 ಕೂಡಿಸಿಕೊಂಡು ಹೊಡೆಯುವುದರಿಂದ ಅದರ ಏಟು ನೂರಕ್ಕೆ 25 ಸಲ ತಗಲುತ್ತದೆ. ರಕ್ಷಣಾಂಕ 23ಕ್ಕೆ ಏರಿತೋ, ತಗಲುವುದು 10 ಸಲ ಮಾತ್ರ. ಖಡ್ಗದ ಮೂರಂಕವು ಫಲವನ್ನು ಕಾಲುಭಾಗದಷ್ಟೂ ಹೆಚ್ಚಿಸಲಿಲ್ಲ. ಕವಚದ ಮೂರಂಕವು ಗಾಯಗಳನ್ನು ಅರ್ಧಕ್ಕಿಂತ ಕೆಳಗಿಳಿಸಿತು. ರಕ್ಷಣೆ ಮೇಲೇರಿದಷ್ಟೂ ಮುಂದಿನ ಪ್ರತಿಯೊಂದು ಅಂಕವೂ ಹಿಂದಿನದಕ್ಕಿಂತ ಬೆಲೆಯುಳ್ಳದ್ದಾಗುತ್ತ ಹೋಗುತ್ತದೆಂಬುದನ್ನು ಉದಾರಿಯಾದ ಸೂತ್ರಧಾರನು ಸಾಮಾನ್ಯವಾಗಿ ತಡವಾಗಿ ಅರಿಯುತ್ತಾನೆ.

ಅರಿತ ಮೇಲೆ ಅವನು ಮಾಡುವ ಪರಿಹಾರವಂತೂ ರೋಗಕ್ಕಿಂತ ಕ್ರೂರವಾದದ್ದು. ಕವಚಧಾರಿಯನ್ನು ನೋಯಿಸಲೆಂದು ದಾಳಕ್ಕೆ 10 ಕೂಡಿಸಿಕೊಂಡು ಹೊಡೆಯುವ ದೈತ್ಯನನ್ನು ಅವನು ಕರೆತರುತ್ತಾನೆ. ಆ ದೈತ್ಯನ ಏಟು ಕವಚಧಾರಿಗೆ ನೂರಕ್ಕೆ 40 ಸಲ ತಗಲಿದರೆ, ಪಕ್ಕದಲ್ಲಿ ನಿಲುವಂಗಿಯುಟ್ಟು ನಿಂತ, ರಕ್ಷಣಾಂಕ 12ರ ಬಡ ಮಾಂತ್ರಿಕನಿಗೆ 95 ಸಲ ತಗಲುತ್ತದೆ. ಒಬ್ಬನಿಗೆ ಕೊಟ್ಟ ಉಡುಗೊರೆಗೆ ಮತ್ತೊಬ್ಬನು ಪ್ರಾಣವನ್ನು ತೆತ್ತಂತಾಯಿತು. ಹಂಚಿಕೆಯ ಸಮತೋಲವೆಂದರೆ ವೀರರಿಗೂ ದೈತ್ಯರಿಗೂ ನಡುವಣ ತೂಕವೆಂದೇ ಅನೇಕರು ಭಾವಿಸುತ್ತಾರೆ. ನನಗೆ ತೋರುವಂತೆ ಅದು ಮೊದಲಾಗಿ ಒಂದೇ ಮೇಜಿಗೆ ಕುಳಿತ ಗೆಳೆಯರ ನಡುವಣ ತೂಕ. ಐವರೂ ಸಮವಾಗಿ ಬಲಿಷ್ಠರಾದರೆ ಅವರಿಗೆ ತಕ್ಕ ಶತ್ರುವನ್ನು ಕಲ್ಪಿಸುವುದು ಕಷ್ಟವಲ್ಲ.

ನಿಯಮಗ್ರಂಥಗಳನ್ನು ಬರೆದವರೂ ಈ ತೊಡಕನ್ನು ಬಿಡಿಸಲು ಬಗೆಬಗೆಯಾಗಿ ಯತ್ನಿಸಿದ್ದಾರೆ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಪ್ರತಿಯೊಂದು ಮಾಂತ್ರಿಕ ವಸ್ತುವಿಗೂ ಹೊನ್ನಿನಲ್ಲಿ ಬೆಲೆ ಕಟ್ಟಿ, ಯಾವ ಮಟ್ಟದ ವೀರನ ಬಳಿ ಎಷ್ಟು ಸಂಪತ್ತಿರಬೇಕೆಂಬ ಕೋಷ್ಟಕವನ್ನೂ ಕೊಟ್ಟರು. ಆಯುಧದಲ್ಲಿ ಒಂದಂಕದ ಮಂತ್ರಕ್ಕೆ 2,000, ಎರಡಕ್ಕೆ 8,000, ಮೂರಕ್ಕೆ 18,000: ಅಂಕದ ವರ್ಗಕ್ಕೆ ಅನುಸಾರವಾಗಿ ಬೆಲೆ ಏರುತ್ತಿತ್ತು. ಗಣಿತವೇನೋ ಜಾಣತನದ್ದೇ. ಆದರೆ ದೈತ್ಯರ ಬಲವನ್ನೂ ಈ ಕೋಷ್ಟಕವನ್ನು ನಂಬಿಯೇ ಅಳೆದಿದ್ದರಿಂದ, ಕೊಡದಿದ್ದರೂ ಆಟ ಕೆಡುವಂತಾಯಿತು; ಮೇಲಾಗಿ, ಪುರಾತನ ಚಕ್ರವರ್ತಿಯ ಸಮಾಧಿಯಲ್ಲಿ ದೊರೆಯಬೇಕಾದ ಖಡ್ಗವು ದರಪಟ್ಟಿಯಲ್ಲಿ ಕಾಣಿಸಿಕೊಂಡರೆ ಅದರಲ್ಲಿ ವಿಸ್ಮಯವೆಲ್ಲಿ ಉಳಿದೀತು? 2014ರ ಐದನೆಯ ಆವೃತ್ತಿಯು ಈ ದಾರಿಯನ್ನು ಬಿಟ್ಟು, ಮಾಂತ್ರಿಕ ವಸ್ತುಗಳಿಲ್ಲದೆಯೂ ಆಟ ಸಾಗುವಂತೆ ಅಂಕಗಳನ್ನು ತಗ್ಗಿಸಿತು. ಪ್ರಬಲವಾದ ವಸ್ತುಗಳೊಡನೆ ವೀರನು ಅಂತರಂಗದ ಬಂಧವೊಂದನ್ನು ಬೆಸೆದುಕೊಳ್ಳಬೇಕೆಂದೂ, ಏಕಕಾಲದಲ್ಲಿ ಅಂಥ ಬಂಧಗಳು ಮೂರಕ್ಕೆ ಮೀರಕೂಡದೆಂದೂ ವಿಧಿಸಿತು. ಈ ಸರಳ ಮಿತಿ ಹಿಂದಿನ ಕೋಷ್ಟಕಗಳೆಲ್ಲಕ್ಕಿಂತ ವಿವೇಕದ್ದೆಂದು ನನ್ನ ಅಭಿಪ್ರಾಯ. ನಾಲ್ಕನೆಯದು ಬೇಕಾದರೆ ಮೂರರಲ್ಲೊಂದನ್ನು ತೊರೆಯಬೇಕಾದುದರಿಂದ ಆಟಗಾರನೇ ಆಯ್ಕೆಗೆ ತೊಡಗುತ್ತಾನೆ.

ಹಾಗೆಂದು ಗ್ರಂಥವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆ ಆವೃತ್ತಿಯಲ್ಲಿ ಮೂರಂಕದ ಖಡ್ಗವು ‘ಅತಿ ವಿರಳ’ ವರ್ಗಕ್ಕೆ ಸೇರಿದ್ದರೆ, ಏರಿ ಕುಳಿತರೆ ಆಕಾಶದಲ್ಲಿ ಹಾರುವ ಪೊರಕೆಯು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ ವರ್ಗದಲ್ಲಿದೆ. ಅದಕ್ಕೆ ಬಂಧದ ಕಟ್ಟಳೆಯೂ ಇಲ್ಲ. ಕೋಟೆಯ ಗೋಡೆ, ಕಂದಕ, ತುಂಬಿದ ಹೊಳೆ, ನೆಲದಡಿಯ ಬೋನು, ಇವುಗಳನ್ನೆಲ್ಲ ಒಂದು ಪೊರಕೆ ಗುಡಿಸಿಹಾಕುತ್ತದೆ. ಖಡ್ಗ ಮಾಡುವುದು ಲೆಕ್ಕದಲ್ಲಿ ಅಲ್ಪ ಬದಲಾವಣೆ. ಪೊರಕೆ ಮಾಡುವುದು ಕಥೆಯ ಭೂಗೋಳದಲ್ಲೇ ಬದಲಾವಣೆ. ಆದಕಾರಣ ವಸ್ತುವನ್ನು ಕೊಡುವ ಮುನ್ನ ಸೂತ್ರಧಾರನು ಅದರ ಅಂಕವನ್ನು ನೋಡುವುದಕ್ಕಿಂತ, ಅದು ಯಾವ ಬಗೆಯ ಅಡಚಣೆಯನ್ನು ಶಾಶ್ವತವಾಗಿ ಅಳಿಸಿಹಾಕುತ್ತದೆಂಬುದನ್ನು ನೋಡತಕ್ಕದ್ದು.

ಅಳಿಸದೆ ಬರಿಯ ದಾರಿ ತೋರುವ ವಸ್ತುಗಳೂ ಉಂಟು, ಅವು ನನಗೆ ಬಹು ಪ್ರಿಯವಾದವು. ಗುಂಡಿ ಒತ್ತಿದರೆ ಗಾಳಿಯಲ್ಲೇ ಸ್ಥಿರವಾಗಿ ನಿಂತು 8,000 ಪೌಂಡು ಭಾರವನ್ನು ತಾಳಬಲ್ಲ ಅಚಲ ದಂಡವೊಂದಿದೆ. ಯುದ್ಧದಲ್ಲಿ ಅದಕ್ಕೆ ಒಂದಂಕದ ಬೆಲೆಯೂ ಇಲ್ಲ. ಆದರೆ ಜಾಣ ಆಟಗಾರನು ಅದರಿಂದ ಬಾಗಿಲಿಗೆ ಅಗುಳಿ ಹಾಕುತ್ತಾನೆ, ಪ್ರಪಾತದ ಮೇಲೆ ಹಗ್ಗ ಕಟ್ಟುತ್ತಾನೆ, ಕುಸಿಯುವ ಚಾವಣಿಗೆ ಊರೆ ಕೊಡುತ್ತಾನೆ. ಅದರ ಶಕ್ತಿಯೆಲ್ಲ ಅದನ್ನು ಹಿಡಿದವನ ಬುದ್ಧಿಯಲ್ಲಿದೆ.

ಪ್ರಬಲವಾದ ಆಯುಧವನ್ನು ಕೊಡಲೇಬೇಕಾದಾಗ ಅದಕ್ಕೊಂದು ಕಟ್ಟಳೆಯಿರಲಿ. ಇದು ನಮ್ಮ ಮಹಾಭಾರತವನ್ನು ಬಲ್ಲವರಿಗೆ ಹೊಸತಲ್ಲ: ಕವಚಕುಂಡಲಗಳಿಗೆ ಪ್ರತಿಯಾಗಿ ಇಂದ್ರನು ಕೊಟ್ಟ ಶಕ್ತ್ಯಾಯುಧವನ್ನು ಕರ್ಣನು ಒಂದೇ ಸಲ ಪ್ರಯೋಗಿಸಬಹುದಾಗಿತ್ತು, ಅರ್ಜುನನಿಗೆಂದು ಕಾದಿಟ್ಟದ್ದು ಘಟೋತ್ಕಚನ ಪಾಲಾಯಿತು. ಅದು ದಿನವೂ ಪ್ರಯೋಗಿಸಬಲ್ಲ ಆಯುಧವಾಗಿದ್ದರೆ ಆ ರಾತ್ರಿಯ ಯುದ್ಧಕ್ಕೆ ತೂಕವೇ ಇರುತ್ತಿರಲಿಲ್ಲ. ಅಮೆರಿಕದ ಆಟದಲ್ಲಿಯೂ ಇಂಥವು ಇವೆ. ಅನೇಕ ಮಂತ್ರದಂಡಗಳಿಗೆ ಏಳೇ ಆವೇಶ, ಅಂದರೆ ಬಳಸಿದಂತೆ ಕರಗುವ ಏಳು ಪಾಲು ಶಕ್ತಿ. ಕೊನೆಯದನ್ನು ಬಳಸಿದಾಗ ದಾಳದಲ್ಲಿ 1 ಬಿದ್ದರೆ ದಂಡವೇ ಬೂದಿಯಾಗುತ್ತದೆ. 1976ರ ಪುಸ್ತಕವೊಂದರಲ್ಲಿ ಮೊದಲು ಕಾಣಿಸಿಕೊಂಡ ವೆಕ್ನಾ ಎಂಬ ದುಷ್ಟ ಮಾಂತ್ರಿಕನ ಕೈಯನ್ನು ಪಡೆಯಬೇಕಾದರೆ ವೀರನು ತನ್ನ ಸ್ವಂತ ಕೈಯನ್ನು ಕಡಿದುಕೊಂಡು ಅದನ್ನು ಅಂಟಿಸಿಕೊಳ್ಳಬೇಕು! ಆದರೆ ಕಟ್ಟಳೆಯು ಮೊದಲೇ ತಿಳಿದಿರಬೇಕು. ಉಡುಗೊರೆಯೊಳಗೆ ಶಾಪವನ್ನು ಬಚ್ಚಿಟ್ಟು ಆಮೇಲೆ ನಗುವುದು ಸೂತ್ರಧಾರನಿಗೆ ತಕ್ಕ ಮಾತಲ್ಲ. ಅಂಥವನ ಆಟಗಾರರು ಮುಂದೆ ಯಾವ ಪೆಟ್ಟಿಗೆಯನ್ನೂ ಮುಟ್ಟರು.

ಇನ್ನು, ಕೊಟ್ಟದ್ದು ಹೆಚ್ಚಾಯಿತೆಂದು ಕೊಟ್ಟ ಮೇಲೆ ತಿಳಿದರೆ? ರಾತ್ರಿ ಕಳ್ಳನನ್ನು ಕಳುಹಿಸಿ ಕದಿಯಿಸುವುದು ಬಹು ಜನ ಹಿಡಿಯುವ ಉಪಾಯ, ಮತ್ತು ಬಹು ಹೀನವಾದ ಉಪಾಯ. ಕಳ್ಳನು ಯಾರೆಂಬುದು ಮೇಜಿನ ಸುತ್ತ ಕುಳಿತವರಿಗೆಲ್ಲ ಗೊತ್ತು. ಅದಕ್ಕಿಂತ, ಖಡ್ಗದ ಕೀರ್ತಿಯನ್ನು ಕಥೆಯೊಳಗೆ ಹಬ್ಬಗೊಟ್ಟು, ಅದರ ಹಳೆಯ ಒಡೆಯನ ವಂಶದವರನ್ನು ಬಾಗಿಲಿಗೆ ಕರೆತಂದು ನ್ಯಾಯ ಕೇಳಿಸಬಹುದು. ಅಥವಾ ನಗರವನ್ನುಳಿಸಲು ಆ ಖಡ್ಗವನ್ನೇ ಒತ್ತೆಯಿಡಬೇಕಾದ ಸಂದರ್ಭವನ್ನು ತಂದು, ಇಡುವುದೋ ಬಿಡುವುದೋ ವೀರನ ಇಚ್ಛೆಗೆ ಬಿಡಬಹುದು. ಇದಾವುದೂ ಹೊಂದದಿದ್ದರೆ, ದಾಳಗಳನ್ನು ಬದಿಗಿಟ್ಟು, ‘ಇದರಿಂದ ಉಳಿದವರ ಆಟ ಸಪ್ಪೆಯಾಗುತ್ತಿದೆ, ಏನು ಮಾಡೋಣ?’ ಎಂದು ಖಡ್ಗವನ್ನು ಹಿಡಿದವನನ್ನೇ ನೇರವಾಗಿ ಕೇಳುವುದು. ಅವನು ಅದಕ್ಕೆ ಬದಲಾಗಿ ಅಚಲ ದಂಡವನ್ನು ಬೇಡಿದರೆ ಸೂತ್ರಧಾರನು ಸಂಕೋಚವಿಲ್ಲದೆ ಕೊಟ್ಟುಬಿಡಬಹುದು.